ಸಹಿಗೆ ಮೊದಲು ಮಾತು: ರೋಗಿಯ ಒಪ್ಪಿಗೆ ಎಲ್ಲಿಗೆ ಬಂದಿದೆ?

ಹೊಯ್ಸಳರ ಕಾಲದ ಕಲ್ಯಾಣಿಯಿಂದ ಹೆಸರಾದ ಹುಲಿಕೆರೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ, ಗರ್ಭಕೋಶದಲ್ಲಿ ಗಡ್ಡೆ ಕಂಡರೆ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಹಳೇಬೀಡು, ಅಲ್ಲಿಂದ ಬೇಲೂರಿನ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆ ಇಲ್ಲವೇ ಖಾಸಗಿ ನರ್ಸಿಂಗ್ ಹೋಂ. ಅದಕ್ಕೂ ಮೀರಿದರೆ ಮೈಸೂರು, ಮಂಗಳೂರು, ಬೆಂಗಳೂರು. ಅರಸೀಕೆರೆ ಕಡೆಯವರು ಬೀರೂರು, ಕಡೂರು, ಶಿವಮೊಗ್ಗಕ್ಕೂ ಹೋಗುತ್ತಾರೆ. ಊರಿನಿಂದ ದೂರ ಹೋದಷ್ಟೂ ಯಂತ್ರಗಳು ದೊಡ್ಡವಾಗುತ್ತವೆ, ವೈದ್ಯರ ಪದವಿಗಳು ಉದ್ದವಾಗುತ್ತವೆ, ಕಾಗದಗಳು ಹೆಚ್ಚುತ್ತವೆ. ಕಾಯಿಲೆ ಯಾರ ಮೈಯಲ್ಲಿದೆಯೋ ಅವರ ಮಾತು ಮಾತ್ರ ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತದೆ.

ಚಿಕಿತ್ಸೆ ಶುರುಮಾಡುವ ಮೊದಲು ರೋಗಿಗೆ ಎಲ್ಲವನ್ನೂ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು ಎಂಬುದನ್ನು ಇಂದು ವೈದ್ಯಕೀಯ ಪಠ್ಯ, ಕಾನೂನು, ನ್ಯಾಯಾಲಯ ಮೂರೂ ಹೇಳುತ್ತವೆ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಈ ತತ್ವ ‘ಇಲ್ಲೊಂದು ಸೈನ್ ಹಾಕಿ’ ಎಂಬಲ್ಲಿಗೆ ಬಂದು ನಿಂತಿದೆ. ಆ ಸೈನ್ ಕೂಡ ಅನೇಕ ಸಲ ರೋಗಿಯದ್ದಲ್ಲ. ಗಂಡನದು, ಮಗನದು, ಅಳಿಯನದು. ಇದು ಯಾಕೆ ಹೀಗಾಯಿತು, ಕಾನೂನು ಏನು ಹೇಳುತ್ತದೆ, ಕರ್ನಾಟಕದ ಅನುಭವ ಏನನ್ನು ಕಲಿಸಿದೆ, ಏನು ಬದಲಾಗಬೇಕು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಹಿ ಎಂಬುದು ನಡೆದ ಮಾತುಕತೆಯ ದಾಖಲೆ ಮಾತ್ರ. ಮಾತುಕತೆಯೇ ನಡೆಯದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಆ ಮಾತುಕತೆಯಲ್ಲಿ ಕುಟುಂಬದವರು ರೋಗಿಯ ಪಕ್ಕದಲ್ಲಿರಬೇಕು, ರೋಗಿಯ ಜಾಗದಲ್ಲಿ ಅಲ್ಲ.

ಕಾಗದದಲ್ಲಿ ಏನಿರುತ್ತದೆ?

ಆಪರೇಷನ್ನಿನ ಹಿಂದಿನ ರಾತ್ರಿ ಅಥವಾ ಅದೇ ಬೆಳಿಗ್ಗೆ ವಾರ್ಡಿನಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಸಿಸ್ಟರ್ ಕೇಸ್ ಶೀಟ್ ಹಿಡಿದು ಬರುತ್ತಾರೆ. ಅದರ ನಡುವೆ ಒಂದು ಹಾಳೆ. ಬಹುಪಾಲು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕೆಲವು ಕಡೆ ಕೆಳಗೆ ಕನ್ನಡವೂ ಇರುತ್ತದೆ, ಆದರೆ ಅದು ಕಚೇರಿಯ ಕನ್ನಡ. ರೋಗಿಯ ಹೆಸರು, ಆಪರೇಷನ್ನಿನ ಹೆಸರು, ಅರಿವಳಿಕೆಯ ಬಗೆ ಬರೆಯುವ ಜಾಗಗಳು ಖಾಲಿ. ‘ಎಲ್ಲ ಅಪಾಯಗಳನ್ನೂ ನನಗೆ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ, ಅವಘಡವಾದರೆ ವೈದ್ಯರಾಗಲಿ ಆಸ್ಪತ್ರೆಯಾಗಲಿ ಜವಾಬ್ದಾರರಲ್ಲ’ ಎಂಬ ಅರ್ಥದ ಸಾಲು ಮಾತ್ರ ತಪ್ಪದೆ ಅಚ್ಚಾಗಿರುತ್ತದೆ. ‘ಎಲ್ಲಿ ಸೈನ್ ಹಾಕ್ಬೇಕಮ್ಮ?’ ಎಂದು ಕೇಳಿ, ಬೆರಳು ತೋರಿಸಿದ ಕಡೆ ಮಗ ಹೆಸರು ಗೀಚುತ್ತಾನೆ. ಓದು ಬಾರದ ತಾಯಿಯಾದರೆ ಇಂಕ್ ಪ್ಯಾಡ್ ಬರುತ್ತದೆ, ಎಡಗೈ ಹೆಬ್ಬೆಟ್ಟು ಬೀಳುತ್ತದೆ. ಖಾಲಿ ಜಾಗಗಳು ಆಮೇಲೆ ತುಂಬಿಕೊಳ್ಳುತ್ತವೆ.

ಇಲ್ಲಿ ಯಾರೂ ದುಷ್ಟರಲ್ಲ. ಸಿಸ್ಟರ್‌ಗೆ ಇನ್ನೂ ಹತ್ತು ಹಾಸಿಗೆ ನೋಡಬೇಕು. ಮಗನಿಗೆ ಅಮ್ಮ ಬದುಕಿದರೆ ಸಾಕು. ಅಮ್ಮನನ್ನು ಕೇಳಿದರೆ ‘ನಮಗೇನ್ ಗೊತ್ತಾಗ್ತದೆ, ಡಾಕ್ಟ್ರು ಹೇಳಿದ್ಹಂಗೆ ಆಗ್ಲಿ’ ಎನ್ನುತ್ತಾಳೆ. ಆ ಮಾತಿನಲ್ಲಿ ವೈದ್ಯರ ಮೇಲಿನ ಗೌರವ, ನಂಬಿಕೆ ಎರಡೂ ನಿಜ. ಆದರೆ ಆಪರೇಷನ್ ಯಾವುದು, ಅದಿಲ್ಲದೆ ಬೇರೆ ದಾರಿ ಇದೆಯೇ, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಮಾಡಿಸಿಕೊಂಡ ಮೇಲೆ ಬದುಕು ಹೇಗಿರುತ್ತದೆ ಎಂಬ ನಾಲ್ಕು ವಿಷಯಗಳು ಅವಳ ಕಿವಿಗೆ ಬೀಳದೆಯೇ ಅವಳ ಒಪ್ಪಿಗೆ ಮುಗಿದುಹೋಗಿದೆ. ಇನ್ನು ‘ಜವಾಬ್ದಾರರಲ್ಲ’ ಎಂಬ ಸಾಲಿನ ಮಾತು: ನಿರ್ಲಕ್ಷ್ಯ ಸಾಬೀತಾದರೆ ಆ ಸಾಲು ಆಸ್ಪತ್ರೆಯನ್ನು ಕಾಪಾಡುವುದಿಲ್ಲ. ರೋಗಿಯನ್ನೂ ಕಾಪಾಡದ, ವೈದ್ಯರನ್ನೂ ಕಾಪಾಡದ ಕಾಗದವೊಂದು ದಿನವೂ ಸಾವಿರಾರು ಸಹಿ ಪಡೆಯುತ್ತಿದೆ.

ಹಳೆಯ ಬೇರುಗಳು

ಒಪ್ಪಿಗೆ ಎಂಬುದು ಪಶ್ಚಿಮದಿಂದ ಬಂದ ಹೊಸ ಆಚಾರ ಎನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಚರಕ ಸಂಹಿತೆ ಉದರ ರೋಗದ ಚಿಕಿತ್ಸೆಯನ್ನು ಹೇಳುವಾಗ ಒಂದು ಹಂತದಲ್ಲಿ ವಿಷಪ್ರಯೋಗದಂಥ ಅಪಾಯದ ಚಿಕಿತ್ಸೆಗೆ ಬರುತ್ತದೆ. ಅಲ್ಲಿ ವೈದ್ಯನು ರೋಗಿಯ ಬಂಧುಗಳು, ಸ್ನೇಹಿತರು, ಪತ್ನಿ, ಬ್ರಾಹ್ಮಣರು, ರಾಜ, ಹಿರಿಯರು ಇವರಿಗೆಲ್ಲ ಗುಣವಾಗುವುದು ಅನುಮಾನವೆಂದು ತಿಳಿಸಿ, ಅವರ ಅನುಮತಿ ಪಡೆದು ಮುಂದುವರಿಯಬೇಕು ಎಂದಿದೆ. ಇದರಲ್ಲಿ ಎರಡು ಸಂಗತಿಗಳಿವೆ. ಅಪಾಯವನ್ನು ಬಾಯಿಬಿಟ್ಟು ಹೇಳಬೇಕೆಂಬ ಪ್ರಾಮಾಣಿಕತೆ ಇದೆ. ಹಾಗೆಯೇ, ಅನುಮತಿ ಕೊಡುವವರ ಪಟ್ಟಿಯಲ್ಲಿ ಸುತ್ತಲಿನವರೆಲ್ಲ ಇದ್ದಾರೆ, ರೋಗಿಯ ಹೆಸರಿಲ್ಲ. ನಮ್ಮ ವಾರ್ಡುಗಳಲ್ಲಿ ಇವತ್ತಿಗೂ ಎರಡನೆಯದು ಉಳಿದಿದೆ, ಮೊದಲನೆಯದು ಸವೆದಿದೆ.

ಆಧುನಿಕ ಕಾನೂನಿನಲ್ಲಿ ರೋಗಿ ನಡುವೆ ಬಂದು ನಿಂತದ್ದು ಇಪ್ಪತ್ತನೆಯ ಶತಮಾನದಲ್ಲಿ. 1914ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಪ್ರಾಯಕ್ಕೆ ಬಂದ, ಬುದ್ಧಿ ನೆಟ್ಟಗಿರುವ ಪ್ರತಿಯೊಬ್ಬರಿಗೂ ತಮ್ಮ ದೇಹದ ಮೇಲೆ ಏನು ನಡೆಯಬೇಕೆಂದು ತೀರ್ಮಾನಿಸುವ ಹಕ್ಕಿದೆ ಎಂದಿತು. ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಮೊದಲ ನಿಯಮವೇ ಸ್ವಇಚ್ಛೆಯ ಒಪ್ಪಿಗೆ. ಮುಂದಿನ ಪ್ರಶ್ನೆ, ಎಷ್ಟು ಹೇಳಬೇಕು ಎಂಬುದು. ಬೇರೆ ವೈದ್ಯರು ಸಾಮಾನ್ಯವಾಗಿ ಎಷ್ಟು ಹೇಳುತ್ತಾರೋ ಅಷ್ಟು ಸಾಕು ಎಂದು ಬ್ರಿಟನ್ ಬಹುಕಾಲ ನಂಬಿತ್ತು. 2015ರಲ್ಲಿ ಮಾಂಟ್ಗೊಮರಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ಸಕ್ಕರೆ ಕಾಯಿಲೆಯಿದ್ದ ಗರ್ಭಿಣಿಗೆ, ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ನೂರರಲ್ಲಿ ಒಂಬತ್ತು ಹತ್ತರಷ್ಟಿದ್ದರೂ ವೈದ್ಯೆ ಹೇಳಿರಲಿಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಎಂಬುದು ಅವರ ಸಮಜಾಯಿಷಿ. ಮಗು ಶಾಶ್ವತ ಅಂಗವೈಕಲ್ಯದೊಂದಿಗೆ ಹುಟ್ಟಿತು. ಆ ಸ್ಥಿತಿಯಲ್ಲಿರುವ ರೋಗಿಗೆ ಯಾವ ಅಪಾಯ ಮುಖ್ಯವೆನಿಸುತ್ತದೋ ಅದನ್ನು ಹೇಳಲೇಬೇಕು ಎಂಬುದು ಈಗ ಅಲ್ಲಿನ ಕಾನೂನು.

ಭಾರತದ ಅಳತೆಗೋಲು

ನಮ್ಮಲ್ಲಿ ಈ ವಿಷಯದ ಅಡಿಪಾಯ 2008ರ ಜನವರಿ 16ರಂದು ಬಂದ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆ ಹೆಚ್ಚು ಸ್ರಾವವಾಗುತ್ತಿದೆ ಎಂದು ಆಸ್ಪತ್ರೆಗೆ ಹೋದರು. ಕಾರಣ ತಿಳಿಯಲು ಲ್ಯಾಪರೋಸ್ಕೋಪಿ ಮಾಡಲು ಒಪ್ಪಿ ಸಹಿ ಹಾಕಿದರು. ಅವರು ಅರಿವಳಿಕೆಯಲ್ಲಿದ್ದಾಗ ವೈದ್ಯರ ಸಹಾಯಕರು ಹೊರಗೆ ಬಂದು ಅವರ ತಾಯಿಯಿಂದ ಒಪ್ಪಿಗೆ ಪಡೆದರು. ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದುಹಾಕಲಾಯಿತು. ಎಚ್ಚರವಾದಾಗ ಅವರಿಗೆ ಇದು ಗೊತ್ತೇ ಇರಲಿಲ್ಲ.

ಸುಪ್ರೀಂ ಕೋರ್ಟ್ ಹೇಳಿದ ಮಾತು ಸ್ಪಷ್ಟ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ. ಒಂದು ಆಪರೇಷನ್‌ಗೆ ಕೊಟ್ಟದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ. ಪ್ರಾಯಕ್ಕೆ ಬಂದ ವ್ಯಕ್ತಿ ತಾತ್ಕಾಲಿಕವಾಗಿ ಪ್ರಜ್ಞೆಯಲ್ಲಿಲ್ಲ ಎಂಬ ಕಾರಣಕ್ಕೆ ತಾಯಿಯೂ ಅವರ ಪರವಾಗಿ ಒಪ್ಪುವಂತಿಲ್ಲ. ತಡಮಾಡಿದರೆ ಪ್ರಾಣಕ್ಕೇ ಅಪಾಯ ಎನ್ನುವಾಗ ಮಾತ್ರ ವಿನಾಯಿತಿ. ವೈದ್ಯರಿಗೆ ಶುಲ್ಕ ಕೇಳುವ ಹಕ್ಕಿಲ್ಲ ಎಂದಿತು, 25,000 ರೂಪಾಯಿ ಪರಿಹಾರ ಕೊಡಿಸಿತು. ಆದರೆ ಎಷ್ಟು ಹೇಳಬೇಕು ಎಂಬ ಪ್ರಶ್ನೆಗೆ ಬಂದಾಗ ನ್ಯಾಯಾಲಯ ರೋಗಿಯ ಅಳತೆಗೋಲನ್ನು ಹಿಡಿಯಲಿಲ್ಲ. ವೈದ್ಯ ಸಮುದಾಯದಲ್ಲಿ ವಾಡಿಕೆಯಾಗಿರುವಷ್ಟು ಹೇಳಿದರೆ ಸಾಕು ಎಂದಿತು. ನಮ್ಮಲ್ಲಿ ಹೆಚ್ಚಿನವರು ಬಡವರು, ವೈದ್ಯರನ್ನೇ ನಂಬಿದವರು, ಆಸ್ಪತ್ರೆಗಳ ಮೇಲೆ ಒತ್ತಡ ಹೆಚ್ಚು ಎಂಬುದು ಅದರ ಹಿಂದಿದ್ದ ವಿಚಾರ. ಆ ಕಾಳಜಿ ಅರ್ಥವಾಗುತ್ತದೆ. ಆದರೆ ಬಡತನ, ಓದಿಲ್ಲದಿರುವುದು ಇವು ಹೆಚ್ಚು ವಿವರಿಸಿ ಹೇಳಲು ಕಾರಣವಾಗಬೇಕು, ಕಡಿಮೆ ಹೇಳಲು ಅಲ್ಲ. ಬ್ರಿಟನ್ ಬಿಟ್ಟುಬಂದ ಅಳತೆಗೋಲನ್ನು ನಾವೂ ಮರುಪರಿಶೀಲಿಸುವ ಕಾಲ ಬಂದಿದೆ.

ಉಳಿದ ಕಾನೂನುಗಳಲ್ಲಿ ಹೊಂದಾಣಿಕೆ ಇಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಂ ಪ್ರಕಾರ ಹೆದರಿಸಿ ಅಥವಾ ತಪ್ಪು ತಿಳಿವಳಿಕೆಯಲ್ಲಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಗರ್ಭಪಾತ ಕಾನೂನು ಪ್ರಾಯದ ಮಹಿಳೆಯ ಒಪ್ಪಿಗೆಯೊಂದೇ ಸಾಕು ಎನ್ನುತ್ತದೆ. ಆದರೂ ಎಷ್ಟೋ ಆಸ್ಪತ್ರೆಗಳು ಗಂಡನ ಸಹಿ ಕೇಳುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿದೆ: ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಮೊದಲೇ ಬರೆದಿಡಬಹುದು. ಇನ್ನೊಂದು ಕಡೆ, ವೈದ್ಯರ ನಡತೆಯ 2002ರ ನಿಯಮಾವಳಿ ಆಪರೇಷನ್‌ಗೆ ಲಿಖಿತ ಒಪ್ಪಿಗೆ ಯಾರಿಂದ ಪಡೆಯಬೇಕೆಂದು ಹೇಳುವಾಗ ಗಂಡ ಅಥವಾ ಹೆಂಡತಿಯನ್ನು ಮೊದಲು, ಅಪ್ರಾಪ್ತರ ಪೋಷಕರನ್ನು ಆಮೇಲೆ, ರೋಗಿಯನ್ನು ಕೊನೆಗೆ ಹೆಸರಿಸುತ್ತದೆ. ಚರಕನ ಪಟ್ಟಿಯ ನೆರಳು ಇಷ್ಟು ದೂರ ಬಂದಿದೆ.

ಗರ್ಭಕೋಶದ ಪ್ರಕರಣಗಳು

ಒಪ್ಪಿಗೆ ಕಾಗದವಾಗಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಅತಿ ನೋವಿನ ಉದಾಹರಣೆ ಅರಸೀಕೆರೆಗೆ ಹತ್ತಿರದಲ್ಲೇ ಇದೆ. ರೈಲಿನಲ್ಲಿ ಒಂದು ಗಂಟೆಯೊಳಗಿನ ಬೀರೂರಿನಲ್ಲಿ ಬಡ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ಎದ್ದಿತು. ಕರ್ನಾಟಕ ಜನಾರೋಗ್ಯ ಚಳವಳಿ ಅಲ್ಲಿಗೆ ಹೋಗಿ ಮಹಿಳೆಯರ ಮಾತು ದಾಖಲಿಸಿತು. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮಹಿಳೆಯರು ಬೀದಿಗಿಳಿದಾಗ ಅದೇ ಕಥೆ ಇನ್ನೂ ದೊಡ್ಡದಾಗಿ ಹೊರಬಂತು. ಆರೋಗ್ಯ ಇಲಾಖೆಯೂ ತನಿಖೆ ನಡೆಸಬೇಕಾಯಿತು. ಚಳವಳಿಯ ಕಾರ್ಯಕರ್ತರು 2017ರಲ್ಲಿ ವೈದ್ಯಕೀಯ ನೀತಿಯ ಪತ್ರಿಕೆಯೊಂದರಲ್ಲಿ ಇದನ್ನು ವಿವರವಾಗಿ ಬರೆದರು. ಹೆದರಿಕೆ ಹುಟ್ಟಿಸುವುದೇ ಲಾಭದ ವ್ಯವಹಾರವಾಯಿತು ಎಂಬುದು ಅವರ ಒಟ್ಟು ತೀರ್ಮಾನ.

ಆ ಹೆದರಿಕೆ ಕೆಲಸ ಮಾಡಿದ ಬಗೆಯನ್ನು ಹತ್ತಿರದಿಂದ ನೋಡಬೇಕು. ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ಏರುಪೇರು ಎಂದು ಬಂದ ಹೆಣ್ಣುಮಗಳಿಗೆ ಒಂದು ಸ್ಕ್ಯಾನಿಂಗ್. ‘ಗರ್ಭಕೋಶ ಹಾಳಾಗಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಒಂದು ಮಾತು. ಮಕ್ಕಳಾಗಿವೆ, ಇನ್ನೇಕೆ ಬೇಕು ಎಂಬ ಇನ್ನೊಂದು ಮಾತು. ಕೂಲಿ ತಪ್ಪುತ್ತದೆ, ಪದೇಪದೇ ಆಸ್ಪತ್ರೆಗೆ ಅಲೆಯಲಾಗದು ಎಂಬ ಮನೆಯ ಲೆಕ್ಕ. ಸಾಲ ತಂದು ಆಪರೇಷನ್. ಇಂಥ ಬಹುಪಾಲು ತೊಂದರೆಗಳಿಗೆ ಮಾತ್ರೆ ಇದೆ, ಸೋಂಕಿಗೆ ಔಷಧಿ ಇದೆ, ಹಾರ್ಮೋನ್ ಬಿಡುವ ವಂಕಿ ಇದೆ, ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ ಎಂದು ಯಾರೂ ಹೇಳಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಗೇ ನಿಂತು ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ ಎಂದೂ ಹೇಳಲಿಲ್ಲ. ಸಹಿಗಳು ಇರಬಹುದು, ಹೆಬ್ಬೆಟ್ಟುಗಳೂ ಇರಬಹುದು. ಸುಳ್ಳು ಹೆದರಿಕೆಯ ಮೇಲೆ ನಿಂತ ಸಹಿಗೆ ಕಾನೂನಿನಲ್ಲೂ ಬೆಲೆಯಿಲ್ಲ, ನ್ಯಾಯದಲ್ಲೂ ಇಲ್ಲ.

ಇದು ಕರ್ನಾಟಕಕ್ಕೆ ಮಾತ್ರ ಸೇರಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರ ಗರ್ಭಕೋಶ ತೆಗೆಯಲಾಗಿದೆ. ಅದರಲ್ಲಿ ಮೂರನೇ ಎರಡರಷ್ಟು ಖಾಸಗಿ ಆಸ್ಪತ್ರೆಗಳಲ್ಲಿ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ದೂರಿನ ಮೇಲೆ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ಕ್ಯಾಂಪಿನ ಒಪ್ಪಿಗೆ

ಸಂತಾನಶಕ್ತಿ ಹರಣದ ಆಪರೇಷನ್ ಇನ್ನೊಂದು ದೊಡ್ಡ ಅಧ್ಯಾಯ. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಜಗತ್ತಿಗೇ ಮುಂಚೂಣಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಬಲವಂತದ ನೆನಪಿನ ನಂತರ ಗಂಡಸರು ಹಿಂದೆ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಪುರುಷರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಗಂಡಸರಿಗೆ ಮಾಡುವ ಆಪರೇಷನ್ ಹೆಚ್ಚು ಸರಳ, ಅಪಾಯ ಕಡಿಮೆ ಎಂಬುದನ್ನು ದಂಪತಿಯನ್ನು ಕೂರಿಸಿಕೊಂಡು ಹೇಳಿದ್ದರೆ ಈ ಅಂಕಿ ಇಷ್ಟು ವಾಲುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ 53 ಮಹಿಳೆಯರಿಗೆ ಎರಡು ಗಂಟೆಯಲ್ಲಿ ಆಪರೇಷನ್ ಮಾಡಲಾಯಿತು. 2014ರ ನವೆಂಬರ್‌ನಲ್ಲಿ ಬಿಲಾಸಪುರದ ಕ್ಯಾಂಪುಗಳ ನಂತರ 13 ಮಹಿಳೆಯರು ಸತ್ತರು. ಇಂಥ ಕ್ಯಾಂಪುಗಳ ವಿರುದ್ಧದ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಬೇಕು, ಆಪರೇಷನ್ನಿನ ಪರಿಣಾಮಗಳನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು ಎಂದಿತು. ಹೆರಿಗೆಯ ದಣಿವಿನಲ್ಲಿರುವ ತಾಯಿಯನ್ನು ಅದೇ ಹೊತ್ತಿಗೆ ‘ವಂಕಿ ಹಾಕ್ಬಿಡೋಣ’ ಎಂದು ಕೇಳುವುದೂ ಇದೇ ಸಾಲಿಗೆ ಸೇರುತ್ತದೆ. ಆ ಮಾತನ್ನು ಆಶಾ ಕಾರ್ಯಕರ್ತೆ ಏಳನೇ ತಿಂಗಳಲ್ಲಿ, ಮನೆಯ ಜಗಲಿಯ ಮೇಲೆ, ಅತ್ತೆ ಇಲ್ಲದ ಹೊತ್ತಿನಲ್ಲಿ ಆಡಬಹುದು. ಆಗ ಹೇಳುವ ಉತ್ತರ ಆ ಹುಡುಗಿಯದೇ ಆಗಿರುತ್ತದೆ.

ಎದೆನೋವು ಮತ್ತು ಗಡಿಯಾರ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿ ಮಾಡಿಸಲು ಸಾಲು ಬೆಳೆಯಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಅಸಹಜ ಏರಿಕೆ ಇಲ್ಲ, ಧೂಮಪಾನ, ಮದ್ಯ, ಬಿಪಿ, ಸಕ್ಕರೆ ಕಾಯಿಲೆಯಂಥ ತಿಳಿದ ಕಾರಣಗಳೇ ಇವೆ ಎಂದಿತು. ಭಯ ಇಷ್ಟು ಹರಡಿರುವಾಗ ಯಾವ ಚಿಕಿತ್ಸೆಗೆ ಯಾವಾಗ ಒಪ್ಪಬೇಕು ಎಂಬ ತಿಳಿವಳಿಕೆ ಈ ಜಿಲ್ಲೆಗೆ ಬಹಳ ಮುಖ್ಯ.

ಇಲ್ಲಿ ಎರಡು ಸನ್ನಿವೇಶಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು, ನಿಜವಾದ ಹೃದಯಾಘಾತ. ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ಇಸಿಜಿ ತಜ್ಞರಿಗೆ ಹೋಗುತ್ತದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಈ ಔಷಧಿಯಿಂದ ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ, ಆದರೆ ಉಳಿಯುವ ಜೀವಗಳು ಅದಕ್ಕಿಂತ ಹೆಚ್ಚು. ಇಷ್ಟನ್ನು ಒಂದೇ ನಿಮಿಷದಲ್ಲಿ ಹೇಳಬಹುದು, ಹೇಳಬೇಕು. ಬೆಂಗಳೂರಿನ ಮಗನ ಫೋನಿಗಾಗಿ ಕಾಯುತ್ತ ಅರ್ಧ ಗಂಟೆ ಕಳೆದರೆ ಹೃದಯದ ಸ್ನಾಯು ಸಾಯುತ್ತದೆ. ರೋಗಿಗೆ ಪ್ರಜ್ಞೆ ಇದ್ದರೆ ಅವರ ‘ಹೂಂ’ ಸಾಕು. ಪ್ರಜ್ಞೆ ಇಲ್ಲದಿದ್ದರೆ, ಒಪ್ಪಿಗೆ ಪಡೆಯಲು ಯಾರೂ ಇಲ್ಲದಿದ್ದರೆ ಒಳ್ಳೆಯ ಉದ್ದೇಶದಿಂದ ಮಾಡಿದ ಚಿಕಿತ್ಸೆಯನ್ನು ಕಾನೂನು ರಕ್ಷಿಸುತ್ತದೆ. ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯವೆಂದು 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು, ನಡೆದರೆ ಎದೆ ಹಿಡಿಯುತ್ತದೆ, ಕೂತರೆ ಹೋಗುತ್ತದೆ ಎನ್ನುವ ಸ್ಥಿರವಾದ ತೊಂದರೆ. ಇಂಥವರು ಆಂಜಿಯೋಗ್ರಾಮ್‌ಗೆ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಗೆ ಕೂತ ಮನೆಯವರನ್ನು ಕರೆದು ಪರದೆಯ ಮೇಲೆ ರಕ್ತನಾಳದ ಚಿತ್ರ ತೋರಿಸುತ್ತಾರೆ: ‘ತೊಂಬತ್ತು ಪರ್ಸೆಂಟ್ ಬ್ಲಾಕ್, ಈಗಲೇ ಸ್ಟೆಂಟ್ ಹಾಕ್ಬೇಕು, ಸೈನ್ ಹಾಕಿ.’ ಪೂರ್ತಿ ಎಚ್ಚರವಾಗಿರುವ ರೋಗಿ ಒಳಗೆ ಮೇಜಿನ ಮೇಲೆ, ತೀರ್ಮಾನ ಹೊರಗೆ ಕಾರಿಡಾರಿನಲ್ಲಿ. ಸಮೀರಾ ಕೊಹ್ಲಿ ತೀರ್ಪು ಬೇಡವೆಂದದ್ದು ಇದನ್ನೇ. 37 ದೇಶಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ, ಇಂಥ ಸ್ಥಿರ ತೊಂದರೆಯವರಿಗೆ ಮೊದಲಿಗೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ ಒಳ್ಳೆಯ ಔಷಧಿಗಿಂತ ಸಾವು ಕಡಿಮೆಯಾಗಲಿಲ್ಲ. ಎದೆನೋವಿನ ಕಾಟ ಮಾತ್ರ ಕಡಿಮೆಯಾಯಿತು. ಹೃದಯಾಘಾತದಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸ್ಥಿರ ತೊಂದರೆಯಲ್ಲಿ ಮಾತ್ರ ರೋಗಿಗೆ ಆಯ್ಕೆ ಇದೆ, ಯೋಚಿಸಲು ಸಮಯವೂ ಇದೆ. ‘ಬ್ಲಾಕ್ ಕಂಡರೆ ಏನು ಮಾಡೋಣ?’ ಎಂದು ಆಂಜಿಯೋಗ್ರಾಮ್‌ಗೆ ಮೊದಲೇ ಅವರನ್ನು ಕೇಳಿಟ್ಟುಕೊಂಡರೆ ಕಾರಿಡಾರಿನ ಸಹಿ ಬೇಕಾಗುವುದಿಲ್ಲ.

‘ಅಪ್ಪನಿಗೆ ಹೇಳ್ಬೇಡಿ’

ಕ್ಯಾನ್ಸರ್ ವಾರ್ಡುಗಳಲ್ಲಿ ವೈದ್ಯರು ಮೇಲಿಂದ ಮೇಲೆ ಕೇಳುವ ಮಾತು ಇದು. ಮಗ ಅಥವಾ ಮಗಳು ಮೊದಲೇ ಒಳಗೆ ಬಂದು ಕೈಮುಗಿಯುತ್ತಾರೆ: ‘ಡಾಕ್ಟ್ರೇ, ಅಪ್ಪನಿಗೆ ಹೇಳ್ಬೇಡಿ, ಎದೆ ಒಡ್ಕೊಂಡ್ಬಿಡ್ತಾರೆ.’ ಇದು ಪ್ರೀತಿಯ ಮಾತು, ಇದನ್ನು ಹೀಗಳೆಯುವಂತಿಲ್ಲ. ಆದರೆ ಅಪ್ಪನಿಗೆ ಬಹುಪಾಲು ಗೊತ್ತಾಗಿಯೇ ಇರುತ್ತದೆ. ಕೂದಲು ಉದುರುತ್ತದೆ, ನೆಂಟರು ಬಂದು ಕಣ್ಣು ತಪ್ಪಿಸುತ್ತಾರೆ. ಅವರೂ ಮಕ್ಕಳಿಗೆ ನೋವಾಗಬಾರದೆಂದು ಸುಮ್ಮನಿರುತ್ತಾರೆ. ಹೀಗೆ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕೊನೆಯ ತಿಂಗಳುಗಳನ್ನು ಕಳೆಯುತ್ತಾರೆ. ಜಮೀನಿನ ಪಾಲು, ಕಿರಿಮಗಳ ಮದುವೆ, ಕೊಡಬೇಕಾದ ಸಾಲ, ನೋಡಬೇಕಿದ್ದ ಊರು ಎಲ್ಲ ಹಾಗೇ ಉಳಿಯುತ್ತವೆ. ಇನ್ನೊಂದು ಸುತ್ತು ಕೀಮೋ ಬೇಕೋ, ನೋವು ಕಡಿಮೆ ಮಾಡಿಸಿಕೊಂಡು ಮನೆಗೆ ಹೋಗುವುದು ಬೇಕೋ ಎಂಬುದು ಆ ಹಿರಿಯರು ಹೇಳಬೇಕಾದ ಮಾತು.

ಒಳ್ಳೆಯ ವೈದ್ಯರು ಇದಕ್ಕೆ ಹದವಾದ ದಾರಿ ಕಂಡುಕೊಂಡಿದ್ದಾರೆ. ‘ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ? ನಿಮಗೇ ಹೇಳ್ಲಾ, ಇಲ್ಲ ಮಗನಿಗೆ ಹೇಳಿದ್ರೆ ಸಾಕಾ?’ ಎಂದು ರೋಗಿಯನ್ನೇ ಕೇಳುತ್ತಾರೆ. ‘ಮಗನಿಗೇ ಹೇಳಿ’ ಎಂದರೆ ಅದೂ ರೋಗಿಯ ತೀರ್ಮಾನವೇ. ಕುಟುಂಬದೊಳಗೆ ಬದುಕುವ ನಮ್ಮಂಥವರಿಗೆ ಇದು ಒಗ್ಗುತ್ತದೆ. ಕಠಿಣ ವೈದ್ಯಕೀಯ ವಿಷಯವನ್ನು ಸಾಮಾನ್ಯರಿಗೆ ಕನ್ನಡದಲ್ಲಿ ಹೇಳಲಾಗದು ಎಂಬ ನೆಪವೂ ಸಲ್ಲದು. ವೈದ್ಯೆ, ಕಾದಂಬರಿಗಾರ್ತಿ ಅನುಪಮಾ ನಿರಂಜನ ‘ತಾಯಿ-ಮಗು’, ‘ಕೇಳು ಕಿಶೋರಿ’ ಪುಸ್ತಕಗಳಲ್ಲಿ ದಶಕಗಳ ಹಿಂದೆಯೇ ಅದನ್ನು ಮಾಡಿ ತೋರಿಸಿದರು.

ಕೊನೆಯ ತೀರ್ಮಾನ

ಮಾತನಾಡಲು ಆಗದ ಸ್ಥಿತಿಯಲ್ಲಿರುವವರ ಪರವಾಗಿ ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯನ್ನು ದೇಶದ ಮುಂದಿಟ್ಟದ್ದು ಒಬ್ಬ ಕನ್ನಡದ ಹೆಣ್ಣುಮಗಳ ಬದುಕು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲೇ ಅಮಾನುಷ ದಾಳಿ ನಡೆಯಿತು. ಅವರು ನಾಲ್ಕು ದಶಕ ಹಾಸಿಗೆಯಲ್ಲೇ ಕಳೆದು 2015ರ ಮೇ 18ರಂದು ತೀರಿಕೊಂಡರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಅವರನ್ನು ವರ್ಷಗಟ್ಟಲೆ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅವರ ಪರವಾಗಿ ಮಾತನಾಡಬೇಕಾದವರು ಎಂದಿತು. ಜೊತೆಗೆ ಕೃತಕ ಜೀವಾಧಾರ ಹಿಂತೆಗೆಯುವುದಕ್ಕೆ ಕಟ್ಟುನಿಟ್ಟಿನ ದಾರಿಯನ್ನೂ ತೆರೆಯಿತು. 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು, ಗುಣವಾಗದ ಸ್ಥಿತಿಯಲ್ಲಿ ತನಗೆ ಯಂತ್ರಗಳು ಬೇಡವೆಂದು ಮೊದಲೇ ಉಯಿಲು ಬರೆದಿಡುವ ಹಕ್ಕನ್ನು ಒಪ್ಪಿತು. ಅದರ ಕ್ರಮವನ್ನು 2023ರ ಜನವರಿಯಲ್ಲಿ ಸರಳಗೊಳಿಸಲಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಸಾಕು.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ನಾಡಿನಾದ್ಯಂತ ಕೇಳಿಬಂತು. ಈ ಉಯಿಲಿನ ಬಗ್ಗೆ ಹಳ್ಳಿಗಳಲ್ಲಿ ಇನ್ನೂ ಮಾತು ಶುರುವಾಗಬೇಕಿದೆ. ಐಸಿಯು ಬಾಗಿಲಲ್ಲಿ ‘ವೆಂಟಿಲೇಟರ್ ಹಾಕೋದಾ ಬೇಡ್ವಾ, ಈಗಲೇ ಹೇಳಿ’ ಎಂದು ಕೇಳಿದಾಗ ಅಣ್ಣತಮ್ಮಂದಿರು ಜಗಳವಾಡಿ, ಮುಂದೆ ಜೀವನವಿಡೀ ತಪ್ಪಿತಸ್ಥರಂತೆ ಕೊರಗುವುದನ್ನು ಈ ಒಂದು ಕಾಗದ ತಪ್ಪಿಸಬಲ್ಲದು. ಇದು ರೋಗಿಯೇ ಸಾವಧಾನವಾಗಿ ಮಾಡುವ ಸಹಿ.

ವೈದ್ಯರ ಕಷ್ಟ ಮತ್ತು ಆಗಬೇಕಾದ್ದು

ಇಷ್ಟೆಲ್ಲ ಹೇಳುವಾಗ ವೈದ್ಯರ ಸ್ಥಿತಿಯನ್ನು ಮರೆಯುವಂತಿಲ್ಲ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲು ಕರಗುವುದಿಲ್ಲ. ಅಪಾಯವನ್ನು ಹೇಳಿದರೆ ರೋಗಿ ಹೆದರಿ ಓಡುತ್ತಾರೆ, ಹೇಳದಿದ್ದರೆ ಅವಘಡವಾದಾಗ ನೆಂಟರು ಕಲ್ಲು ತೂರುತ್ತಾರೆ. ಆಸ್ಪತ್ರೆಗಳ ಮೇಲಿನ ಹಲ್ಲೆಗಳಿಗೆ ಒಂದು ಕಾರಣ, ಮೊದಲೇ ಆಡದೆ ಉಳಿದ ಮಾತು. ಒಪ್ಪಿಗೆಯ ಮಾತುಕತೆ ವೈದ್ಯರಿಗೂ ರಕ್ಷಣೆ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಂದಿಗೆ ಮಾತನಾಡುವ ಕಲೆ, ಸ್ಥಳೀಯ ಭಾಷೆಯ ಕಲಿಕೆ ಸೇರಿರುವುದು ಒಳ್ಳೆಯ ಹೆಜ್ಜೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವಾಗ 2017ರ ನವೆಂಬರ್‌ನಲ್ಲಿ ವೈದ್ಯರ ದೊಡ್ಡ ಮುಷ್ಕರ ನಡೆಯಿತು. ಆದರೂ ಕೊನೆಗೆ ಉಳಿದ ಕಾಯ್ದೆಯಲ್ಲಿ ರೋಗಿಗಳ ಹಕ್ಕುಗಳ ಪಟ್ಟಿಯಿದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡುವ ಅವಕಾಶವಿದೆ. ಕೇಸ್ ಶೀಟಿನ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಇವು ಬಳಕೆಗೆ ಬರಬೇಕು.

ಹಾಸನ ಜಿಲ್ಲೆಯೊಂದೇ ಮನಸ್ಸು ಮಾಡಿದರೂ ಬಹಳಷ್ಟು ಸಾಧ್ಯ. ತುರ್ತಲ್ಲದ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಆಡುಮಾತಿನ ಕನ್ನಡದಲ್ಲಿ, ಆಪರೇಷನ್ನಿಗೊಂದರಂತೆ, ಕನಿಷ್ಠ ಒಂದು ದಿನ ಮೊದಲು ರೋಗಿಯ ಕೈಗೆ ಕೊಡಬೇಕು. ಒಂದು ಪ್ರತಿ ಅವರಲ್ಲೇ ಉಳಿಯಬೇಕು. ವಿವರಿಸಿದ ಮೇಲೆ ‘ಏನು ಮಾಡ್ತೀವಿ ಅಂತ ಈಗ ನೀವು ನನಗೆ ಹೇಳಿ’ ಎಂದು ರೋಗಿಯಿಂದಲೇ ಹೇಳಿಸಬೇಕು. ಅರ್ಥವಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಖಾಲಿ ಜಾಗವಿರುವ ಹಾಳೆಗೆ ಯಾರೂ ಸಹಿ ಪಡೆಯಬಾರದು. 40 ವರ್ಷದೊಳಗಿನವರ ಗರ್ಭಕೋಶ ತೆಗೆಯುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲೇಬೇಕು. ಪ್ರಾಯದ ಹೆಣ್ಣುಮಗಳ ಒಪ್ಪಿಗೆಯನ್ನು ಅವಳಿಂದಲೇ, ಸ್ವಲ್ಪ ಹೊತ್ತಾದರೂ ಅವಳೊಬ್ಬಳೇ ಇರುವಾಗ ಕೇಳಬೇಕು.

ನಮ್ಮ ಕಡೆಯಿಂದಲೂ ಕೆಲಸವಿದೆ. ಇದು ಯಾಕೆ ಬೇಕು, ಬೇರೆ ದಾರಿ ಏನು, ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ. ಕೇಳಲು ಹಿಂಜರಿಯುವ ಅತ್ತೆ, ಅಜ್ಜಿ, ಅಕ್ಕನ ಜೊತೆ ಹೋದವರು ಅವರ ಬದಲು ಉತ್ತರಿಸದೆ, ಅವರಿಂದಲೇ ಕೇಳಿಸಬೇಕು. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ, ಗ್ರಾಮಸಭೆಗಳಲ್ಲಿ ಈ ಪ್ರಶ್ನೆಗಳನ್ನು ಕಲಿಸಬಹುದು. ಬೇಡ ಎಂದರೂ ಬೈಯದೆ, ಮುಂದಿನ ಸಲ ಬಂದಾಗ ಮುಖ ತಿರುಗಿಸದೆ ನೋಡಿಕೊಳ್ಳುವ ಆಸ್ಪತ್ರೆ ಇದ್ದರೆ ಮಾತ್ರ ರೋಗಿಯ ‘ಆಗಲಿ’ ಎಂಬ ಮಾತಿಗೆ ಅರ್ಥ ಬರುತ್ತದೆ. ಬೀರೂರಿನಲ್ಲೂ ಕಲಬುರಗಿಯಲ್ಲೂ ಮೋಸಹೋದ ಮಹಿಳೆಯರಿಗೆ ಅಂಥ ಅವಕಾಶ ಸಿಕ್ಕಿದ್ದರೆ ಅವರಲ್ಲಿ ಎಷ್ಟೋ ಮಂದಿ ಇಂದು ಆರೋಗ್ಯವಾಗಿರುತ್ತಿದ್ದರು. ಅವರ ಮಕ್ಕಳ ಕಾಲಕ್ಕಾದರೂ ಅದು ಸಿಗುವಂತೆ ಮಾಡುವುದು ಸರ್ಕಾರ, ವೈದ್ಯರು, ನಾವು ಎಲ್ಲರೂ ಸೇರಿ ತೀರಿಸಬೇಕಾದ ಋಣ.